ನಡುಮನೆಯಿಂದ ಪಡಸಾಲೆಗೆ ಹನ್ನೊಂದು ಹೆಜ್ಜೆ

ಜುಲೈ ಹದಿನೈದು, ಮಂಗಳವಾರ. ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಇದನ್ನು ಬರೆಯಲು ಕೂತಿದ್ದೇನೆ. ಚಳ್ಳಕೆರೆಗೆ ಹೋಗುವ ನನ್ನ ಬಸ್ಸು ಎಂಟೂ ಹತ್ತಕ್ಕೆ. ಅದು ಎಂಟೂ ಇಪ್ಪತ್ತೈದಕ್ಕಿಂತ ಮೊದಲು ಬಂದದ್ದು ಈ ವರ್ಷದಲ್ಲಿ ನಾಲ್ಕೇ ಸಲ ಎಂದು ನನ್ನ ದಿನಚರಿ ಹೇಳುತ್ತದೆ. ಹಾಗಾಗಿ ಸಮಯವಿದೆ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನು ಎಣಿಸುವವಳು. ಮೆಟ್ಟಿಲು ಎಣಿಸುತ್ತೇನೆ, ಕರೆಂಟು ಹೋದ ಸಲಗಳನ್ನು ಎಣಿಸುತ್ತೇನೆ, ಚಳ್ಳಕೆರೆಯಲ್ಲಿ ನಾನು ಕೆಲಸ ಮಾಡುವ ಟೈಪಿಂಗ್ ಅಂಗಡಿಯಲ್ಲಿ ದಿನಕ್ಕೆ ಎಷ್ಟು ಅರ್ಜಿ ಟೈಪು ಮಾಡಿದೆ ಎಂದು ಗೀಟು ಹಾಕಿಡುತ್ತೇನೆ. ಐದು ಗೀಟಿಗೆ ಒಂದು ಅಡ್ಡಗೀಟು. ಒಂಬತ್ತನೇ ತರಗತಿಯಲ್ಲಿ ಹಿಡಿದ ಚಾಳಿ ಇದು. ನಮ್ಮಣ್ಣ ನನ್ನ ದಿನಚರಿಗೆ ಪಹಣಿ ಎಂದು ಹೆಸರಿಟ್ಟಿದ್ದಾನೆ. ಇಡಲಿ. ಊರಲ್ಲಿ ಯಾವುದಾದರೂ ಜಗಳ ತಾರೀಖಿನ ವಿಷಯಕ್ಕೆ ಬಂದು ನಿಂತಾಗ ಅದೇ ಅಣ್ಣ ಅದೇ ಪಹಣಿಯನ್ನು ಕೇಳಿಕೊಂಡು ಬರುತ್ತಾನೆ.

ನಮ್ಮ ಮನೆಯಲ್ಲಿ ಮೂರು ಕಂಪ್ಯೂಟರುಗಳಿವೆ. ಬಿ.ಜಿ. ಕೆರೆಯಿಂದ ಒಳಕ್ಕೆ ಎರಡು ಮೈಲಿ ದೂರದ ಹಟ್ಟಿಯಲ್ಲಿ, ಕುರಿ ಸಾಕುವವರ ಮನೆಯಲ್ಲಿ ಮೂರು ಕಂಪ್ಯೂಟರು ಯಾಕೆ ಎಂದು ಕೇಳುವವರುಂಟು. ಯಾಕಿರಬಾರದು ಎಂದು ನಾನು ಕೇಳುತ್ತೇನೆ. ಮಾತು ಅಲ್ಲಿಗೆ ನಿಲ್ಲುತ್ತದೆ. ನಡುಮನೆಯಲ್ಲಿರುವುದು ನಾನು ಡಿಗ್ರಿ ಓದುವಾಗ ಕೊಂಡ ಹಳೆಯ ಡೆಸ್ಕ್‌ಟಾಪು. ಅದರಲ್ಲಿ ಓಡುವುದು ವಿಂಡೋಸ್. ಪಕ್ಕದ ಕೋಣೆಯಲ್ಲಿ ಅಣ್ಣನ ಮ್ಯಾಕ್. ಅವನು ಮದುವೆ ವಿಡಿಯೋ ತೆಗೆದು ಜೋಡಿಸುವವನು, ಚಳ್ಳಕೆರೆಯ ಸ್ಟುಡಿಯೋದವರೊಬ್ಬರು ಹೊಸದು ಕೊಂಡಾಗ ಅವರ ಹಳೆಯದನ್ನು ತಂದ. ಪಡಸಾಲೆಯಲ್ಲಿ ನನ್ನ ಲ್ಯಾಪ್‌ಟಾಪು. ಅದಕ್ಕೆ ಶಕ್ತಿ ಸಾಲದು, ಲಿನಕ್ಸ್ ಹಾಕಿದ್ದರಿಂದ ಉಸಿರಾಡುತ್ತಿದೆ. ಮೂರೂ ಸೆಕೆಂಡ್ ಹ್ಯಾಂಡು, ಮೂರಕ್ಕೂ ಮೂರು ಬಗೆಯ ಸ್ವಭಾವ. ಒಂದೇ ಸೂರಿನಡಿ ಮೂರೂ ಒಂದರ ಮುಖ ಒಂದು ನೋಡದೆ ಮೂರು ವರ್ಷ ಬಾಳಿದವು. ಅಂಥ ಮನೆಗಳು ಬೇಕಾದಷ್ಟಿವೆ, ಹಾಗಾಗಿ ನಮಗೂ ಅದು ವಿಚಿತ್ರವೆನಿಸಲಿಲ್ಲ.

ವಿಚಿತ್ರವೆನಿಸಿದ್ದು ಜೂನ್ ಇಪ್ಪತ್ತೆಂಟರ ಶನಿವಾರ. ಮೊಳಕಾಲ್ಮೂರಿನ ಪಶು ಆಸ್ಪತ್ರೆಯ ಡಾಕ್ಟರು ಲಸಿಕೆ ಹಾಕಲು ಹಟ್ಟಿಗೆ ಬಂದಿದ್ದರು. ನಮ್ಮ ಕಡೆಯದು ಕರಿ ಉಣ್ಣೆಯ ಕುರಿ, ಕಂಬಳಿಗೆ ಬರುವಂಥದ್ದು. ಸುತ್ತಲಿನ ಹಟ್ಟಿಗಳಲ್ಲಿ ಮೈ ತುಂಬುವ ಹೊರಗಿನ ಟಗರು ಬಿಟ್ಟು ಬಿಟ್ಟು ಆ ತಳಿ ಬೆರೆತುಹೋಗಿದೆ. ನಮ್ಮವ್ವ ಮಾತ್ರ ಹೊರಗಿನ ಟಗರನ್ನು ನಮ್ಮ ಮುಳ್ಳುಬೇಲಿಯ ರೊಪ್ಪದೊಳಕ್ಕೆ ಈವರೆಗೆ ಬಿಟ್ಟಿಲ್ಲ. ನಮ್ಮ ಟಗರಿನ ಹೆಸರು ಚಂದ್ರ. ಅಚ್ಚಗಪ್ಪು ಮೈ, ಹಣೆಯ ಮೇಲೆ ಅಂಗೈಯಗಲದ ಬಿಳಿ ಮಚ್ಚೆ. ಡಾಕ್ಟರು ಆ ಮಚ್ಚೆಯನ್ನೇ ನೋಡುತ್ತ ನಿಂತರು. ಇದು ಬೆರಕೆಯ ಗುರುತಿರಬಹುದು ಎಂದರು. ಅಲ್ಲ ಎಂದು ಅವ್ವ ಹೇಳಿದಳು. ಹೇಳಿದರೆ ಸಾಲದು, ನಾಲ್ಕು ತಲೆಮಾರಿನ ತಾಯಿ ಮರಿಗಳ ಫೋಟೋ ಇದ್ದರೆ ಜುಲೈ ಹದಿನಾಲ್ಕರ ಸೋಮವಾರ ಆಸ್ಪತ್ರೆಗೆ ತನ್ನಿ, ಚಂದ್ರನನ್ನು ನಾಡು ತಳಿಯ ಟಗರೆಂದು ಪಟ್ಟಿಗೆ ಬರೆದುಕೊಳ್ಳುತ್ತೇನೆ, ಇಲ್ಲದಿದ್ದರೆ ಇಲಾಖೆಯಿಂದ ನಿಮ್ಮ ಹಟ್ಟಿಗೂ ಹೊರಗಿನ ಟಗರೇ ಬರುತ್ತದೆ ಎಂದು ಹೇಳಿ ಹೋದರು.

ಫೋಟೋಗಳಿದ್ದವು. ಆರು ವರ್ಷಗಳಿಂದ ಪ್ರತಿ ಮರಿ ಹುಟ್ಟಿದಾಗಲೂ ತಾಯಿಯ ಪಕ್ಕ ನಿಲ್ಲಿಸಿ ಫೋಟೋ ತೆಗೆಯುವುದು ನಮ್ಮ ಮನೆಯ ರೂಢಿ. ಅದು ಅವ್ವನಿಗಾಗಿ ಅಲ್ಲ, ಅವಳಿಗೆ ಎಲ್ಲ ನೆನಪಿದೆ. ಮರೆಯುವ ನನಗೂ ಅಣ್ಣನಿಗೂ ಬೇಕೆಂದು ಅವಳೇ ಶುರು ಮಾಡಿಸಿದ್ದು. ಆದರೆ ನನ್ನ ಹಳೆಯ ಫೋನಿನಲ್ಲಿ ತೆಗೆದ ಮೊದಲ ವರ್ಷಗಳವು ಡೆಸ್ಕ್‌ಟಾಪಿನಲ್ಲಿ, ನಡುವಿನವು ಅಣ್ಣನ ಕ್ಯಾಮೆರಾದಿಂದ ಮ್ಯಾಕಿಗೆ, ಈಚಿನವು ನನ್ನ ಲ್ಯಾಪ್‌ಟಾಪಿನಲ್ಲಿ. ಅಜ್ಜಿ ಒಂದು ಕಡೆ, ಮಗಳು ಒಂದು ಕಡೆ, ಮೊಮ್ಮಗಳು ಇನ್ನೊಂದು ಕಡೆ. ಸಾಲದ್ದಕ್ಕೆ ಡೆಸ್ಕ್‌ಟಾಪಿನ ಹೊಟ್ಟೆಯಿಂದ ಕಟಕ್ ಕಟಕ್ ಎಂಬ ಸದ್ದು ಬರಲು ಶುರುವಾಗಿತ್ತು. ಹಾರ್ಡ್ ಡಿಸ್ಕು ಸಾಯುವ ಮುನ್ನ ಮಾಡುವ ಸದ್ದು ಅದು ಎಂದು ಅಂಗಡಿಯಲ್ಲಿ ಕೆಲಸ ಮಾಡುವ ನನಗೆ ಗೊತ್ತು.

ಜುಲೈ ಒಂದರಂದು ಚಳ್ಳಕೆರೆಯಲ್ಲಿ ಕಂಪ್ಯೂಟರ್ ರಿಪೇರಿಯ ನಯಾಜ್ ಭಾಯ್ ಅವರ ಸಲಹೆ ಕೇಳಿದೆ. ನಮ್ಮ ಟೈಪಿಂಗ್ ಅಂಗಡಿಯ ಎದುರಿನ ಸಾಲಿನವರು, ಕೈ ಒಳ್ಳೆಯದು. ಡಿಸ್ಕಿನ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

"ಅದನ್ನ ಆರಿಸಬ್ಯಾಡಮ್ಮ. ಆರಿಸಿದ್ರೆ ಮತ್ತೆ ಏಳ್ತೈತೆ ಅನ್ನೋ ಭರೋಸಾ ಇಲ್ಲ. ಮಾಲು ಆಚೆ ತಕ್ಕೋ, ಆಮೇಲೆ ಮೂರನ್ನೂ ನನ್ ಹತ್ರ ತಾ. ಎಲ್ಲಾ ಸಾಫ್ ಮಾಡಿ ಒಂದೇ ಹಾಕ್ಕೊಡ್ತೀನಿ. ಮೂರು ಮೂರು ಥರ ಇಟ್ಕೊಂಡು ಯಾಕೆ ತಕಲೀಫು?"

ಮೊದಲರ್ಧ ಒಪ್ಪಿದೆ. ಎರಡನೆಯದನ್ನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಎಲ್ಲವನ್ನೂ ಅಳಿಸಿ ಒಂದೇ ಮಾಡಿಬಿಟ್ಟರೆ ತೊಂದರೆ ಇರುವುದಿಲ್ಲ ಎಂಬ ಮಾತು ನನಗೆ ಎಲ್ಲಿ ಕೇಳಿದರೂ ಮೈ ಉರಿಯುತ್ತದೆ. ಅದರಲ್ಲೂ ಈ ಮಾತನ್ನು ಹೇಳುತ್ತಿದ್ದವರು ಯಾರು? ಮನೆಯಲ್ಲಿ ಉರ್ದು, ಗಿರಾಕಿಯ ಹತ್ತಿರ ಕನ್ನಡ, ರಾಯದುರ್ಗದಿಂದ ಬರುವವರ ಹತ್ತಿರ ತೆಲುಗು, ಸ್ಕ್ರೂ ಕಳೆದುಹೋದಾಗ ಮೂರೂ ಬಳಸುವ ನಯಾಜ್ ಭಾಯ್. ನಮ್ಮ ಮನೆಯಲ್ಲೂ ಅಷ್ಟೆ. ನಮ್ಮಜ್ಜಿ ತೆಲುಗಿನಲ್ಲಿ ಕೇಳುತ್ತಿದ್ದಳು, ಅಪ್ಪ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದ. ಇಬ್ಬರೂ ಹಾಗೆಯೇ ನಲವತ್ತು ವರ್ಷ ಜಗಳವಾಡಿದರು, ಒಂದು ದಿನವೂ ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಹೋಗಲಿಲ್ಲ. ಅಜ್ಜಿಯ ತಲೆಯೊಳಗಿನ ತೆಲುಗನ್ನು ಸಾಫ್ ಮಾಡಿ ಕನ್ನಡ ಹಾಕಿಸಿ ಎಂದು ಆಗ ಯಾರೂ ಹೇಳಲಿಲ್ಲ. ಬೇಕಾದದ್ದು ನಡುವೆ ಒಂದು ತಿಳಿವಳಿಕೆ, ಅಷ್ಟೆ. ಕಂಪ್ಯೂಟರುಗಳ ನಡುವೆಯೂ ಅಂಥ ತಿಳಿವಳಿಕೆಯ ಕಟ್ಟಳೆಗಳು ಇವೆ. ಮೂರೂ ಬಗೆಯವು ತಮ್ಮ ತಮ್ಮ ಸ್ವಭಾವ ಬಿಡದೆ, ಕಡತ ಕೊಡುವ ತೆಗೆದುಕೊಳ್ಳುವ ಹೊತ್ತಿಗೆ ಮಾತ್ರ ಆ ಕಟ್ಟಳೆಯಂತೆ ಮಾತಾಡುತ್ತವೆ. ಅದನ್ನು ಓದಿ ಕಲಿಯುತ್ತೇನೆ ಎಂದು ನಯಾಜ್ ಭಾಯ್‌ಗೆ ಹೇಳಿದೆ. ಅವರು ನಕ್ಕು, ಹದಿನಾಲ್ಕನೇ ತಾರೀಖು ಸಂಜೆ ಮೂರನ್ನೂ ಆಟೋದಲ್ಲಿ ಹಾಕಿಕೊಂಡು ಬರುತ್ತೀಯ ನೋಡು ಎಂದರು. ಆ ಮಾತನ್ನು ದಿನಚರಿಯಲ್ಲಿ ತಾರೀಖು ಸಮೇತ ಬರೆದಿಟ್ಟೆ.

ಬೇರೆಯವರೂ ಸಲಹೆ ಕೊಟ್ಟರು. ಹದಿಮೂರು ದಿನಗಳಲ್ಲಿ ಒಟ್ಟು ಒಂಬತ್ತು ಸಲಹೆ. ಪೆನ್‌ಡ್ರೈವ್ ಬಳಸಿ ಎಂದವರು ನಾಲ್ಕು ಜನ. ಡೆಸ್ಕ್‌ಟಾಪಿನ ಮುಂದಿನ ತೂತುಗಳು ನಮ್ಮ ಕೆಂಪು ಧೂಳು ಕುಡಿದು ಸತ್ತಿವೆ, ಹಿಂದೆ ಉಳಿದ ಎರಡರಲ್ಲಿ ಕೀಬೋರ್ಡೂ ಮೌಸೂ ಕೂತಿವೆ. ಇಂಟರ್ನೆಟ್ಟಿಗೆ ಏರಿಸಿ ಇಳಿಸಿಕೊಳ್ಳಿ ಎಂದವರು ಐದು ಜನ. ಅವರಿಗೆ ನಾನು ಹೇಳಿದ್ದಿಷ್ಟೆ: ನಡುಮನೆಯಿಂದ ಪಡಸಾಲೆಗೆ ಹನ್ನೊಂದು ಹೆಜ್ಜೆ. ಎಣಿಸಿದ್ದೇನೆ. ಹನ್ನೊಂದು ಹೆಜ್ಜೆ ದೂರಕ್ಕೆ ನಮ್ಮ ಕುರಿಯ ಫೋಟೋ ಹೆಸರು ಗೊತ್ತಿಲ್ಲದ ದೇಶದ ಯಾವುದೋ ಗೋದಾಮಿಗೆ ಹೋಗಿ, ಅಲ್ಲಿ ರುಜು ಹಾಕಿ ಯಾಕೆ ಬರಬೇಕು? ಅದೂ ಅಲ್ಲದೆ ರಸ್ತೆ ಅಗೆಯುವಾಗ ಇಂಟರ್ನೆಟ್ಟಿನ ತಂತಿ ತುಂಡಾಗಿ ಎರಡು ತಿಂಗಳಾಗಿತ್ತು. ಗೋಡೆಯ ಮೇಲೆ ಅವರು ಕೊಟ್ಟುಹೋದ ವೈಫೈ ಪೆಟ್ಟಿಗೆ ಮಾತ್ರ ಹಸಿರು ದೀಪ ಉರಿಸಿಕೊಂಡು ಕೂತಿತ್ತು.

ಆ ಪೆಟ್ಟಿಗೆಯೇ ಸಾಕಿತ್ತು. ಅವ್ವ ನಂಬಲಿಲ್ಲ. ನೆಟ್ಟೇ ಇಲ್ಲ ಅಂತೀರಿ, ಮತ್ತೆ ಫೋಟೋ ಹೆಂಗೆ ಹೋಗ್ತೈತೆ ಎಂದು ಕೇಳಿದಳು. ನಮ್ಮ ಮನೆಯಿಂದ ಚಿಕ್ಕಪ್ಪನ ಮನೆಗೆ ಹೋಗಲು ಬಸ್ಸು ಬೇಕೇನವ್ವ ಎಂದೆ. ಹೊರಗಿನ ದಾರಿ ಮುಚ್ಚಿದ್ದರೂ ಹಟ್ಟಿಯೊಳಗಿನ ಓಣಿ ತೆರೆದೇ ಇರುತ್ತದೆ. ಪೆಟ್ಟಿಗೆಗೆ ಡೆಸ್ಕ್‌ಟಾಪನ್ನು ಮತ್ತೆ ತಂತಿಯಿಂದ ಕಟ್ಟಿದೆವು. ಉಳಿದೆರಡು ಗಾಳಿಯಲ್ಲೇ ಸೇರಿಕೊಂಡವು.

ಸೇರಿಕೊಂಡವು ಎಂದರೆ ಒಂದೇ ಜಗಲಿಯಲ್ಲಿ ಕೂತವು, ಮಾತಾಡಲಿಲ್ಲ. ಜುಲೈ ಮೂರರಿಂದ ಒಂಬತ್ತರವರೆಗೆ ಹದಿನೇಳು ಪ್ರಯತ್ನ, ಹದಿನೇಳು ಸೋಲು. ಮೂರು ಅಡ್ಡಗೀಟು, ಮೇಲೆ ಎರಡು. ನನ್ನ ಲ್ಯಾಪ್‌ಟಾಪಿಗೆ ಡೆಸ್ಕ್‌ಟಾಪು ಕಾಣಿಸುತ್ತಲೇ ಇರಲಿಲ್ಲ. ಕಾರಣ ಸಿಕ್ಕಿದ್ದು ಹತ್ತನೇ ತಾರೀಖು. ಈ ಪೆಟ್ಟಿಗೆಯನ್ನು ಮೊದಲು ಹಾಕಿದ ದಿನ ವಿಂಡೋಸ್ ಒಂದು ಪ್ರಶ್ನೆ ಕೇಳಿತ್ತಂತೆ: ಇದು ಮನೆಯ ಜಾಲವೋ, ಕಚೇರಿಯದೋ, ಸಾರ್ವಜನಿಕವೋ? ಅಣ್ಣ ಸಾರ್ವಜನಿಕ ಎಂದು ಒತ್ತಿದ್ದ. ಯಾಕೆ ಹಾಗೆ ಮಾಡಿದೆ ಎಂದು ಕೇಳಿದೆ.

"ಅಲ್ವೇನೇ? ಇಡೀ ಹಟ್ಟಿ ಬಂದು ನಮ್ ಜಗಲೀಲೇ ಕೂತು ಫೋನ್ ನೋಡ್ತಿತ್ತಲ್ಲ. ಮನೇದು ಅಂತ ಒತ್ತಿದ್ರೆ ಸುಳ್ಳು ಹೇಳಿದಂಗೆ ಆಗಲ್ವಾ?"

ಸಾರ್ವಜನಿಕ ಎಂದು ಕೇಳಿದ ಕೂಡಲೇ ವಿಂಡೋಸ್ ಬಸ್‌ಸ್ಟ್ಯಾಂಡಿನಲ್ಲಿ ಕೂತ ಹೊಸ ಸೊಸೆಯ ಹಾಗೆ ಸೆರಗು ಮುಚ್ಚಿಕೊಂಡುಬಿಡುತ್ತದೆ, ಯಾರಿಗೂ ಮುಖ ತೋರಿಸುವುದಿಲ್ಲ. ಮನೆಯದು ಎಂದು ಬದಲಾಯಿಸಿದೆ. ತಕ್ಷಣ ಕಂಡಿತು. ಕಂಡದ್ದಷ್ಟೆ, ಒಳಗೆ ಬಿಡಲಿಲ್ಲ. ಪಾಸ್‌ವರ್ಡ್ ಕೇಳಿತು. ನಮ್ಮ ಡೆಸ್ಕ್‌ಟಾಪಿಗೆ ಪಾಸ್‌ವರ್ಡೇ ಇಲ್ಲ. ಜಾಗ ಖಾಲಿ ಬಿಟ್ಟು ಒತ್ತಿದರೆ ಆಗುವುದಿಲ್ಲ ಎಂದಿತು. ಎದುರಿಗೆ ಬಂದು ಕೂತವರನ್ನೆಲ್ಲ ಯಾರು ಏನೆಂದು ಕೇಳದೆ ಒಳಗೆ ಬಿಡುವ ಯಂತ್ರ, ತಂತಿಯ ಮೇಲೆ ಬಂದವರು ಮಾತ್ರ ಬರಿಗೈಲಿ ಬರಕೂಡದು ಎನ್ನುತ್ತದೆ. ಇದು ಅದರ ಕೆಟ್ಟತನವಲ್ಲ, ಎಚ್ಚರಿಕೆ. ಬೀಗ ಹಾಕುವ ಊರುಗಳಲ್ಲಿ ಹುಟ್ಟಿದ್ದು ಅದು. ಬಾಗಿಲಿಗೇ ಬೀಗ ಇಲ್ಲ, ಈ ಡಬ್ಬಿಗೆ ಯಾಕೆ ಎಂದು ಅವ್ವ ಗೊಣಗಿದಳು. ಆದರೂ ಒಂದು ಪಾಸ್‌ವರ್ಡ್ ಇಟ್ಟೆವು. ಅದನ್ನು ಇಲ್ಲಿ ಬರೆಯುವುದಿಲ್ಲ. ಅವ್ವನೇ ಆರಿಸಿದ್ದು, ಅವಳಿಗೆ ಕಂಡರಾಗದ ಒಂದು ಆಡಿನ ಹೆಸರು.

ಜುಲೈ ಹತ್ತು, ಗುರುವಾರ, ಸಂಜೆ ಆರೂ ಇಪ್ಪತ್ತಕ್ಕೆ ಬಾಗಿಲು ತೆರೆಯಿತು. ವಿಂಡೋಸ್‌ನಲ್ಲಿದ್ದ ಫೋಟೋಗಳು ಲಿನಕ್ಸ್‌ನ ಪರದೆಯ ಮೇಲೆ ಸಾಲಾಗಿ ಬಂದು ನಿಂತವು. ಶುಕ್ರವಾರ ಮ್ಯಾಕನ್ನೂ ಹಾಗೆಯೇ ಕೂಡಿಸಿದೆ. ಯಾವುದನ್ನೂ ಅಳಿಸಲಿಲ್ಲ, ಯಾವುದಕ್ಕೂ ಮತ್ತೊಂದರ ವೇಷ ಹಾಕಲಿಲ್ಲ. ನಯಾಜ್ ಭಾಯ್‌ಗೆ ಫೋನು ಮಾಡಿ ಹೇಳಬೇಕೆನಿಸಿತು, ಹದಿನಾಲ್ಕರ ಸಂಜೆಯವರೆಗೆ ಕಾಯೋಣ ಎಂದು ಸುಮ್ಮನಾದೆ.

ಎಲ್ಲ ಫೋಟೋಗಳನ್ನೂ ನನ್ನ ಲ್ಯಾಪ್‌ಟಾಪಿನ ಒಂದೇ ಕಡೆ ಕೂಡಿಹಾಕುವ ಕೆಲಸ ಶನಿವಾರ ಮುಗಿಯಿತು. ಡೆಸ್ಕ್‌ಟಾಪಿನಿಂದ ಇನ್ನೂರ ಹದಿನಾಲ್ಕು, ಮ್ಯಾಕಿನಿಂದ ನೂರ ಮೂವತ್ತೊಂದು, ನನ್ನವೇ ಅರವತ್ತೇಳು. ಕೂಡಿದರೆ ನಾನೂರ ಹನ್ನೆರಡು. ಕೂಡಿಹಾಕಿದ ಕಡೆ ನೋಡಿದರೆ ನಾನೂರ ಹನ್ನೆರಡು. ಮೂರು ಸಲ ನೋಡಿದೆ. ದಿನಚರಿಯಲ್ಲಿ ಮುಗಿಯಿತು ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಹನ್ನೆರಡು ದಿನದಿಂದ ಕಟಕ್ ಎನ್ನುತ್ತ ಉರಿಯುತ್ತಲೇ ಇದ್ದ ಡೆಸ್ಕ್‌ಟಾಪನ್ನು ಆರಿಸಿದೆ. ಆರಿಸಬೇಡ ಎಂದಿದ್ದರು, ಹೌದು. ಮಾಲು ಆಚೆ ಬಂದಾಯಿತಲ್ಲ. ಲೆಕ್ಕ ಸರಿ ಇತ್ತಲ್ಲ.

ಭಾನುವಾರ ಸಂಜೆ ಅವ್ವ ನನಗೊಂದ್ಸಲ ತೋರಿಸು ಎಂದಳು. ಅದೇನೂ ಬೇಕಿಲ್ಲ, ಎಣಿಸಿಯಾಗಿದೆ ಎಂದೆ. ಅವಳು ಆಗಲೇ ಕೈ ತೊಳೆದುಕೊಂಡು ಬಂದು ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮಲ್ಲಿ ಕುರಿ ಎಣಿಸುವುದಿಲ್ಲ. ಎಣಿಸಿದರೆ ಕಣ್ಣು ತಾಗುತ್ತದೆ ಎಂಬ ನಂಬಿಕೆ. ಎಷ್ಟಿವೆ ಎಂದು ಹೊರಗಿನವರು ಕೇಳಿದರೆ, ಅವೆ ಒಂದಿಷ್ಟು, ಎನ್ನುತ್ತಾರೆ. ಸಂಜೆ ಹಿಂಡು ಬರುವಾಗ ಅವ್ವ ರೊಪ್ಪದ ಬಾಗಿಲಲ್ಲಿ ಒಂದು ಕಾಲು ಅಡ್ಡ ಇಟ್ಟು ನಿಲ್ಲುತ್ತಾಳೆ. ಒಂದೊಂದೇ ಒಳಗೆ ಹೋಗುತ್ತವೆ. ಕೊನೆಯದು ಹೋದಮೇಲೆ ತಿರುಗಿ, ಇಂಥದ್ದು ಬಂದಿಲ್ಲ ಎನ್ನುತ್ತಾಳೆ. ಎಷ್ಟು ಬಂದಿಲ್ಲ ಎಂದಲ್ಲ, ಯಾವುದು ಬಂದಿಲ್ಲ ಎಂದು. ಇದೊಂದು ಹಳೆಯ ಕಾಲದ ಭಯ, ಅದರ ಮೇಲೆ ಕಟ್ಟಿದ ಅಭ್ಯಾಸ ಎಂದು ನಾನು ತಿಳಿದುಕೊಂಡಿದ್ದೆ. ಓದಿದವಳಲ್ಲವೇ.

ನಾನು ಒಂದೊಂದೇ ಫೋಟೋ ಒತ್ತುತ್ತ ಹೋದೆ. ಅವ್ವ ಎಲೆ ಅಡಿಕೆ ಮೆಲ್ಲುತ್ತ ಹೆಸರು ಹೇಳುತ್ತ ಹೋದಳು. ಚುಕ್ಕಿ, ಚುಕ್ಕಿಯ ಮಗಳು, ಮೋಟುಕಿವಿ, ಅವಳ ಜೋಡಿ ಮರಿ. ಕೆಲವಕ್ಕೆ ನಕ್ಕಳು, ಒಂದಕ್ಕೆ ಬೈದಳು, ಸತ್ತ ಒಂದಕ್ಕೆ ಸ್ವಲ್ಪ ಹೊತ್ತು ನಿಲ್ಲಿಸು ಎಂದಳು. ಒಂದು ಗಂಟೆ ಐವತ್ತು ನಿಮಿಷ ಹಿಡಿಯಿತು. ಕೊನೆಯದು ಮುಗಿದ ಮೇಲೆ ತಿರುಗಿದಳು.

"ಗೌರಿ ಬಂದಿಲ್ಲ."

"ಎಲ್ಲಾ ಅವೆ ಅವ್ವ. ನಾನೂರ ಹನ್ನೆರಡು, ಲೆಕ್ಕ ಸರಿ ಐತೆ."

"ನಿನ್ ಲೆಕ್ಕ ನಂಗೆ ಬ್ಯಾಡ. ಮೋಟುಕಿವಿ ಎರಡು ಸಲ ಒಳಕ್ಕೆ ಬಂದ್ಲು. ಗೌರಿ ಒಂದು ಸಲಾನೂ ಬರ್ಲಿಲ್ಲ."

ಗೌರಿ ಎಂದರೆ ಚಂದ್ರನ ತಾಯಿ. ಎರಡು ವರ್ಷದ ಹಿಂದೆ ಹಾವು ಕಚ್ಚಿ ಸತ್ತಳು. ಅವಳ ಹಣೆಯ ಮೇಲೂ ಅದೇ ಅಂಗೈಯಗಲದ ಬಿಳಿ ಮಚ್ಚೆ ಇತ್ತು. ಆ ಮಚ್ಚೆ ಚಂದ್ರನಿಗೆ ಹೊರಗಿನ ಟಗರಿನಿಂದ ಬಂದದ್ದಲ್ಲ, ತಾಯಿಯಿಂದ ಬಂದದ್ದು ಎಂದು ತೋರಿಸುವುದು ಲೋಕದಲ್ಲಿ ಒಂದೇ ಒಂದು ಫೋಟೋ. ಮರಿ ಚಂದ್ರನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡ ಗೌರಿ. ಅದೇ ಇರಲಿಲ್ಲ.

ಏನಾಗಿದೆ ಎಂದು ತಿಳಿಯಲು ಹದಿನೈದು ನಿಮಿಷ ಬೇಕಾಯಿತು. ನನ್ನ ಹಳೆಯ ಫೋನೂ ಅಣ್ಣನ ಕ್ಯಾಮೆರಾವೂ ಫೋಟೋಗಳಿಗೆ ಬರೀ ಅಂಕಿಯ ಹೆಸರಿಡುತ್ತವೆ. ಗೌರಿಯ ಫೋಟೋಗೂ ಅಣ್ಣ ತೆಗೆದ ಇನ್ನೊಂದಕ್ಕೂ ಒಂದೇ ಅಂಕಿ ಬಿದ್ದಿತ್ತು. ಈ ಹೆಸರಿನದು ಆಗಲೇ ಇದೆ, ಅದರ ಜಾಗದಲ್ಲಿ ಇದನ್ನಿಡಲೇ ಎಂದು ಲ್ಯಾಪ್‌ಟಾಪು ಕೇಳಿದಾಗ ನಾನು ಇಡು ಎಂದಿದ್ದೆ. ಗೌರಿ ಹೋದಳು. ಆಮೇಲೆ ನಡುವೆ ತಂತಿ ಕಳಚಿಕೊಂಡಾಗ, ಅರ್ಧ ದಾರಿಯಲ್ಲಿದ್ದ ಮೋಟುಕಿವಿಯನ್ನು ಮತ್ತೆ ತರಿಸಿದ್ದೆ, ಅವಳು ಬೇರೆ ಹೆಸರಿನಲ್ಲಿ ಎರಡನೇ ಸಲ ಬಂದಿದ್ದಳು. ಒಂದು ಕಡಿಮೆ, ಒಂದು ಹೆಚ್ಚು. ನಾನೂರ ಹನ್ನೆರಡು. ನನ್ನ ಅಡ್ಡಗೀಟುಗಳ ಬಗ್ಗೆ ಆ ಸಂಜೆ ನನಗೆ ಹುಟ್ಟಿದ ಅಭಿಪ್ರಾಯವನ್ನು ದಿನಚರಿಯಲ್ಲೂ ಬರೆದಿಲ್ಲ.

ಗೌರಿ ಇನ್ನೂ ಡೆಸ್ಕ್‌ಟಾಪಿನೊಳಗಿದ್ದಳು. ಆ ಡೆಸ್ಕ್‌ಟಾಪನ್ನು ನಾನು ಆರಿಸಿದ್ದೆ.

ಒತ್ತಿದೆ. ಫ್ಯಾನು ತಿರುಗಿತು, ಕಟಕ್ ಕಟಕ್ ಎಂದಿತು, ಕಪ್ಪು ಪರದೆಯ ಮೇಲೆ ಡಿಸ್ಕು ಸಿಗುತ್ತಿಲ್ಲ ಎಂಬ ಸಾಲು ಬಂತು. ಮತ್ತೆ ಒತ್ತಿದೆ. ಮತ್ತೆ ಅದೇ. ಮೂರನೇ ಸಲಕ್ಕೆ ಕೈ ಹಾಕಿದಾಗ ಅವ್ವ ನನ್ನ ಮಣಿಕಟ್ಟು ಹಿಡಿದಳು.

"ಬಿಡೇ. ಹೆರೋಕೆ ಒದ್ದಾಡೋ ಕುರೀನ ಮ್ಯಾಲಿಂದ ಮ್ಯಾಲೆ ಎಬ್ಬಿಸ್ತಾರಾ? ಒಂದು ಗಳಿಗೆ ಸುಮ್ಕೆ ಬಿಡು."

ಅಣ್ಣ ಮೇಜಿನ ಫ್ಯಾನನ್ನು ತಂದು ಅದರ ಮೈಗೆ ಗಾಳಿ ಬರುವಂತೆ ಇಟ್ಟ. ನಾವು ಮೂವರೂ ಅದರ ಸುತ್ತ ಕೂತೆವು. ಈ ಹದಿಮೂರು ದಿನಗಳಲ್ಲಿ ಕೇಳಿದ ಸಲಹೆಗಳಲ್ಲೆಲ್ಲ ಸುಮ್ಮನಿರು ಎಂಬುದು ಒಂದೂ ಇರಲಿಲ್ಲ. ಮುಕ್ಕಾಲು ಗಂಟೆ ಬಿಟ್ಟು ಅವ್ವನೇ ಗುಂಡಿ ಒತ್ತಿದಳು. ಕಟಕ್ ಎಂದಿತು. ನಿಂತಿತು. ಇನ್ನೊಂದು ಸಲ ಕಟಕ್ ಎಂದಿತು. ಆಮೇಲೆ ವಿಂಡೋಸ್‌ನ ಗುರುತು ಪರದೆಯ ಮೇಲೆ ಮೂಡಿತು. ನಾನು ಪಡಸಾಲೆಗೆ ಓಡಿದೆ. ಜಾಲ ತೆರೆದುಕೊಂಡಿತು, ಆಡಿನ ಹೆಸರು ಕೊಟ್ಟೆ, ಗೌರಿಯನ್ನು ಹುಡುಕಿದೆ, ಎಳೆದೆ. ಆರು ಸೆಕೆಂಡು ಇರಬಹುದು. ಇರಬಹುದು ಎಂದು ನಾನು ಬರೆಯುವುದು ಅಪರೂಪ. ಆದರೆ ಆ ಹೊತ್ತಿನಲ್ಲಿ ಗಡಿಯಾರ ನೋಡಲಿಲ್ಲ.

ನಿನ್ನೆ ಸೋಮವಾರ ಮೊಳಕಾಲ್ಮೂರಿಗೆ ಹೋದೆವು. ಅವ್ವ ಲ್ಯಾಪ್‌ಟಾಪನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು. ಡಾಕ್ಟರು ನಾಲ್ಕು ತಲೆಮಾರನ್ನು ಒಂದೊಂದಾಗಿ ನೋಡಿದರು. ಗೌರಿ ಬಂದಾಗ ಫೋಟೋ ದೊಡ್ಡದು ಮಾಡಿಸಿದರು. ತಾಯಿಯ ಹಣೆ, ಮರಿಯ ಹಣೆ, ಎರಡನ್ನೂ ತುಂಬ ಹೊತ್ತು ನೋಡಿದರು. ಆಮೇಲೆ ಪಟ್ಟಿ ತೆಗೆದು ಚಂದ್ರನನ್ನು ನಾಡು ತಳಿಯ ಟಗರೆಂದು ಬರೆದುಕೊಂಡರು. ಕೆಳಗಿನ ಸಾಲಿಗೆ ಬಂದು, ಒಟ್ಟು ಎಷ್ಟು ಫೋಟೋ ಇವೆ ಎಂದು ಕೇಳಿದರು. ನನ್ನ ಬಾಯಿ ಅಭ್ಯಾಸಬಲದಿಂದ ತೆರೆದುಕೊಂಡಿತು. ಅವ್ವ ನನಗಿಂತ ಮೊದಲು ಉತ್ತರ ಕೊಟ್ಟಳು.

"ಎಲ್ಲಾರೂ ಬಂದವ್ರೆ ಸಾರ್."

ಡಾಕ್ಟರು ಅವಳ ಮುಖ ನೋಡಿ, ಸಂಖ್ಯೆ ಬರೆಯುವ ಜಾಗದಲ್ಲಿ ಒಂದು ಗೆರೆ ಎಳೆದು ಸಹಿ ಹಾಕಿದರು.

ಸಂಜೆ ನಯಾಜ್ ಭಾಯ್‌ಗೆ ಫೋನು ಮಾಡಿದೆ. ಆಟೋ ಬರುವುದಿಲ್ಲ ಎಂದೆ. ಮೂರೂ ಮನೆಯಲ್ಲೇ ಇವೆ, ಮೂರೂ ತಮ್ಮ ತಮ್ಮ ಥರವೇ ಇವೆ, ಮೂರೂ ಒಂದನ್ನೊಂದು ಮಾತಾಡಿಸುತ್ತಿವೆ. ಡೆಸ್ಕ್‌ಟಾಪಿಗೆ ಹೊಸ ಡಿಸ್ಕು ಬೇಕು, ಆದರೆ ಅದರ ಮೇಲೆ ಮೊದಲಿನದೇ ಹಾಕಿಕೊಡಿ ಎಂದೆ. ಜಿದ್ದಿ ಲಡ್ಕಿ, ಹಟಮಾರಿ ಹುಡುಗಿ, ಎಂದರು. ಬರೆದುಕೊಂಡಿದ್ದೇನೆ.

ಈಗ ಗಂಟೆ ಎಂಟೂ ಐದು. ಒಂದು ವಿಷಯ ಮಾತ್ರ ಬಗೆಹರಿದಿಲ್ಲ. ಎರಡು ಕಡೆಯ ಕಡತಗಳನ್ನು ಹೆಸರು ನೋಡದೆ, ಒಳಗಿನ ಸರಕನ್ನೇ ಹೋಲಿಸಿ, ಅಲ್ಲಿರುವ ಯಾವುದು ಇಲ್ಲಿಲ್ಲ ಎಂದು ಹೇಳುವ ತಂತ್ರಾಂಶಗಳಿವೆ, ನಿನ್ನೆ ಓದಿ ತಿಳಿದೆ, ಇನ್ನು ಮುಂದೆ ಬಳಸುತ್ತೇನೆ. ಆದರೆ ಎಲ್ಲೂ ಇಲ್ಲದ್ದನ್ನು, ಇರಬೇಕಾಗಿತ್ತು ಬಂದಿಲ್ಲ ಎಂದು ಹೇಳುವಂಥದ್ದು ಯಾವುದಾದರೂ ಇದೆಯೇ? ಅವ್ವನಿಗೆ ಅರವತ್ತಾಗುತ್ತ ಬಂತು, ನಾನು ಅವಳಿಂದ ಅದನ್ನು ಕಲಿಯುವ ಲಕ್ಷಣ ಕಾಣುತ್ತಿಲ್ಲ. ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಅದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡಬೇಕು. ಎರಡನ್ನು ಅಳಿಸಿ ಒಂದನ್ನು ಇಟ್ಟುಕೊಳ್ಳಿ ಎಂದು ಹೇಳುವವರು ಬರೆಯುವ ಶ್ರಮ ತೆಗೆದುಕೊಳ್ಳುವುದು ಬೇಡ.